ಒಂದು ಕುರಿ ಕಡಿಮೆ

ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಹೆಂಗಸಿಗೆ, ಅವಳ ಮನೆಯ ಪಡಸಾಲೆಯಲ್ಲೇ ಕೂತು, "ನಿಮಗೆ ಎಣಿಕೆಯಲ್ಲಿ ತೊಂದರೆ ಇದೆ" ಎಂದು ಒಂದು ಪೆಟ್ಟಿಗೆ ಹೇಳಿದರೆ ಅವಳಿಗೆ ಹೇಗಾಗಬೇಡ? ಭರಮಸಾಗರದ ಸುಮಾಳಿಗೆ ಆದದ್ದು ಅದೇ. ಒಂದು ದಿನ ಅಂದು ಸುಮ್ಮನಾಗಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟ ಕೈ ಒಣಗುವ ಮೊದಲೇ, ದಿನಾ ಬೆಳಗ್ಗೆ, ಅದು ನಯವಾದ ದನಿಯಲ್ಲಿ ಅದನ್ನೇ ಹೇಳುತ್ತಿತ್ತು.

ಆ ಪೆಟ್ಟಿಗೆ, ಅಂದರೆ ಲ್ಯಾಪ್‌ಟಾಪು, ಮನೆಗೆ ಬಂದದ್ದು ಶಾಲೆಯಿಂದ. ಶಾಲೆಯ ಕಂಪ್ಯೂಟರ್ ಮೇಷ್ಟ್ರು ಹೊಸದುರ್ಗದ ಕಡೆ ಸರ್ಕಾರಿ ಕೆಲಸ ಸಿಕ್ಕಿತೆಂದು ಬಿಟ್ಟು ಹೋಗಿದ್ದರು. ಮಕ್ಕಳು ಕಡಿಮೆಯಾಗಿ ಎಂಟನೇ ತರಗತಿಯ ಎರಡು ವಿಭಾಗ ಒಂದಾಗುವುದರಲ್ಲಿತ್ತು. ರಜಕ್ಕೆ ಮುಂಚೆ ಹೆಡ್‌ಮಾಸ್ಟರ್ ಓಬಳೇಶಪ್ಪನವರು ಸುಮಾಳನ್ನು ಕರೆಸಿ, ಕೂರಿಸಿ, ಚಹಾ ತರಿಸಿದರು. ಹೆಡ್‌ಮಾಸ್ಟರ್ ತಾವಾಗಿ ಚಹಾ ತರಿಸಿದರೆ ಸುದ್ದಿ ಒಳ್ಳೆಯದಲ್ಲ ಎಂದು ಯಾವ ಟೀಚರಿಗಾದರೂ ಗೊತ್ತು.

"ನೋಡ್ರಿ ಮೇಡಂ, ಬರೋ ವರ್ಷ ಗಣಿತಕ್ಕೆ ಇಬ್ರು ಬೇಕಾಗಲ್ಲ. ಇದ್ದೋರಲ್ಲಿ ನೀವೇ ಹೊಸಬ್ರು. ಆದ್ರೆ ಕಂಪ್ಯೂಟರ್ ಕ್ಲಾಸಿಗೆ ಜನ ಇಲ್ಲ. ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸ್ಲೇಬೇಕು ಅಂತ ಸ್ಕೂಲ್ ಕಮಿಟಿಯೋರು ಹಟ ಹಿಡ್ದು ಕುಂತವ್ರೆ."

"ನಂಗದು ಬರಲ್ವಲ್ಲ ಸರ್."

"ನಂಗೂ ಬರಲ್ಲ. ಅದಕ್ಕೇ ಈ ಲ್ಯಾಪ್‌ಟಾಪ್ ತಗಂಡ್ಹೋಗ್ರಿ. ಇದ್ರಾಗೊಂದು ಪಾಠ ಹೇಳೋ ಸಾಫ್ಟ್‌ವೇರ್ ಐತೆ. ಚಿತ್ರ ತೋರ್ಸಿ ಕನ್ನಡದಾಗೇ ಹೇಳ್ಕೊಡ್ತೈತೆ. ಕಲಿಯೋರು ಎಲ್ಲಿ ತಪ್ತಾರೆ ಅಂತ ನೋಡ್ಕಂಡು ಮುಂದಿನ ಪಾಠ ಅದೇ ಆರಿಸ್ತೈತೆ. ರಜದಾಗೆ ಕಲ್ತು, ಸ್ಕೂಲು ಶುರುವಾಗ್ತಿದ್ದಂಗೆ ಕಮಿಟಿಯೋರ ಮುಂದೆ ಒಂದು ಪಾಠ ಮಾಡಿ ತೋರಿಸ್ರಿ. ಮಾಡಿದ್ರೆ ಕೆಲಸ ನಿಮ್ದು. ಇಲ್ಲಾಂದ್ರೆ ನನ್ ಕೈಲಿ ಏನೂ ಇಲ್ಲ."

ಸುಮಾ ಹೊಳಲ್ಕೆರೆ ಪೇಟೆಯಲ್ಲಿ ಬೆಳೆದವಳು. ಮದುವೆಯಾಗಿ ಈ ಮನೆಗೆ ಬಂದಾಗ ಅವಳ ಬಿ.ಎಡ್. ಸರ್ಟಿಫಿಕೇಟು ಟ್ರಂಕಿನಲ್ಲಿ ಧಾರೆ ಸೀರೆಯ ಕೆಳಗೆ ಸೇರಿಕೊಂಡಿತ್ತು. ಮಗಳು ನಾಗಶ್ರೀ ಸಿರಿಗೆರೆಯ ಶಾಲೆಗೆ ಒಬ್ಬಳೇ ಬಸ್ಸಿನಲ್ಲಿ ಹೋಗಿಬರುವಷ್ಟು ದೊಡ್ಡವಳಾದ ಮೇಲೆ ಅದು ಹೊರಗೆ ಬಂತು. ಇಸ್ತ್ರಿ ಮಾಡಿದ ಸೀರೆಯುಟ್ಟು ಚೀಲ ಹಿಡಿದು ಬೀದಿಗಿಳಿದರೆ ಮಕ್ಕಳು "ನಮಸ್ತೆ ಮಿಸ್" ಎನ್ನುತ್ತಿದ್ದವು. ಆ ಎರಡು ಮಾತು ಕೇಳದೆ ಮತ್ತೆ ಒಲೆಯ ಮುಂದೆ ಕೂರುವುದು ಅವಳಿಗೆ ಬೇಡವಾಗಿತ್ತು. ಲ್ಯಾಪ್‌ಟಾಪನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ತಂದಳು.

ಟಿವಿಯ ಪಕ್ಕ, ಪ್ಲಗ್ ಇರುವ ಜಾಗದಲ್ಲಿ ಅದು ಕೂತಿತು. ನಾಗಶ್ರೀ ಅಮ್ಮನ ಹೆಸರು ಹಾಕಿ ತೆರೆದುಕೊಟ್ಟಳು. ಅಂದು ತೆರೆದದ್ದನ್ನು ಮತ್ತೆ ಯಾರೂ ಮುಚ್ಚಲಿಲ್ಲ. ಈ ಮನೆಯಲ್ಲಿ ಒಂದು ಬಾಚಣಿಗೆ, ಒಂದು ಫೋನ್ ಚಾರ್ಜರು, ಒಂದು ಟಾರ್ಚು. ಯಾರದು ಎಂದು ಯಾರೂ ಕೇಳಿದ್ದಿಲ್ಲ.

ಪಾಠ ಚೆನ್ನಾಗಿಯೇ ಇತ್ತು. ಪರದೆಯ ಮೇಲೆ ಬೇಲಿ ಸುತ್ತಿದ ಒಂದು ಕುರಿ ರೊಪ್ಪ, ಅದಕ್ಕೊಂದು ಗೇಟು, ಹೊರಗೆ ಕುರಿಗಳು. ಪಕ್ಕದಲ್ಲಿ ಬಣ್ಣದ ಹಲಗೆಗಳು. ಒಂದೊಂದು ಹಲಗೆಗೂ ಒಂದೊಂದು ಅಪ್ಪಣೆ. ಗೇಟು ತೆಗೆ. ಒಂದು ಕುರಿ ಒಳಗೆ ಬಿಡು. ಗೇಟು ಮುಚ್ಚು. ಅವನ್ನು ಒಂದರ ಕೆಳಗೊಂದು ಜೋಡಿಸಿದರೆ ಕುರಿ ಹಾಗೇ ನಡೆಯುತ್ತಿತ್ತು. ಪ್ರತಿ ಕುರಿಗೂ ಅದನ್ನೇ ಹೇಳಿ ಸಾಯುವ ಬದಲು, 'ಮುಗಿಯುವ ತನಕ ಮತ್ತೆ ಮಾಡು' ಎಂಬ ಹಸಿರು ಹಲಗೆ ಇಟ್ಟರೆ ಸಾಕು. ಕಡೆಗೆ ಆ ಹೆಣ್ಣುದನಿ ಕೇಳುತ್ತಿತ್ತು: "ಈಗ ರೊಪ್ಪದೊಳಗೆ ಎಷ್ಟು ಕುರಿಗಳಿವೆ?" ಸರಿಯಾಗಿ ಹೇಳಿದರೆ ಮೂಲೆಯಲ್ಲಿದ್ದ ಗಿಡದ ಚಿತ್ರದಲ್ಲಿ ಎಲೆ ಚಿಗುರುತ್ತಿತ್ತು. ಒಂದೊಂದು ವಿದ್ಯೆಗೂ ಒಂದೊಂದು ಕೊಂಬೆ. ತಪ್ಪಿದರೆ ಎಲೆ ಹಳದಿಯಾಗುತ್ತಿತ್ತು.

ಮೊದಲ ವಾರ ಸುಮಾಳ ಗಿಡ ಹಸಿರೋ ಹಸಿರು. ಹಸಿರಾಗದೆ ಇದ್ದದ್ದು ಅತ್ತೆ ಬರಗೇರಮ್ಮನ ಮುಖ. ಬೇಸಿಗೆಯೆಂದರೆ ಶಾವಿಗೆ, ಹಪ್ಪಳ, ಸಂಡಿಗೆಯ ಕಾಲ. ಮಾಳಿಗೆಯ ಮೇಲೆ ಪಂಚೆ ಹಾಸಿ ಒಣಗಿಸುವುದನ್ನು ನೆರೆಹೊರೆಯವರೆಲ್ಲ ಮಾಡಿ ಮುಗಿಸುತ್ತಿದ್ದರು. ಬರಗೇರಮ್ಮನಿಗೆ ಮೊಣಕಾಲು ನೋವು, ಮಾಳಿಗೆ ಹತ್ತಲಾರಳು.

"ಆ ಪೆಟ್ಟಿಗೆ ಮುಂದೆ ಕುಂತ್ರೆ ಶಾವ್ಗೆ ತಾವೇ ಮಾಳ್ಗೆ ಹತ್ತಿ ಒಣಗ್ತಾವೇನಮ್ಮ?" ಎಂದಳು ಒಂದು ದಿನ, ಹಿಟ್ಟು ನಾದುತ್ತ.

"ಇನ್ನೊಂದೇ ಪಾಠ ಅತ್ತೆ, ಬಂದೆ."

"ಬೆಳಗ್ಗಿಂದ ಒಂದೇ ಪಾಠನೇ ಐತೆ. ನಿಮ್ಮಾವ ಉಂಡು ಕುರಿ ಹಿಂದೆ ಹೋಗಿ ಒಂದು ಹೊತ್ತಾತು."

"ಕೆಲಸ ಉಳೀಬೇಕಲ್ಲ ಅತ್ತೆ."

"ಕುರಿ ಒಳಗ್ಬಿಡೋದು ಯಾವ ಕೆಲಸ? ಸಂಜೆ ಹಿತ್ತಲಿಗೆ ಬಾ, ನಿಜವಾದವೇ ಬರ್ತಾವೆ."

ಸುಮಾ ಎದ್ದು ಹೋದಳು. ಶಾವಿಗೆ ಒರಳು ತಿರುಗಿಸುವಾಗ ಕಣ್ಣಂಚಿನಲ್ಲಿ ನೀರು ಬಂತು. ಹಿಟ್ಟಿನ ಕೈಯಲ್ಲೇ ಒರೆಸಿಕೊಂಡಳು.

ಅದೇ ವಾರ ಪಶು ಆಸ್ಪತ್ರೆಯವರು ಕುರಿಗಳಿಗೆ ಚುಚ್ಚುಮದ್ದು ಹಾಕಲು ಬಂದರು. "ಎಷ್ಟವೆ ಅಜ್ಜಾ?" ಎಂದು ಕೇಳಿದರೆ ಮಾವ ಗೋವಿಂದಪ್ಪ ಟವಲು ಕೊಡವಿ, "ಅವೆ ಸ್ವಾಮಿ, ಒಂದಿಷ್ಟು" ಎಂದ. ನಾಗಶ್ರೀ ಬೆರಳು ಮಾಡಿ ಒಂದು, ಎರಡು ಎನ್ನತೊಡಗಿದ್ದೇ ತಡ, ಬರಗೇರಮ್ಮ ಅವಳ ಬೆರಳಿನ ಮೇಲೆ ಹೊಡೆದಳು. "ಬೆರಳು ಮಾಡಿ ಎಣಿಸ್ತಾರೇನೇ? ದೃಷ್ಟಿ ತಾಗಿ ಒಂದೊಂದೇ ಉದುರ್ಲಿ ಅಂತಾನಾ?" ಬಂದವರಿಗೂ ಕುರಿಯವರ ಈ ರೀತಿ ಗೊತ್ತಿತ್ತು. ತಾವು ಬಳಸಿದ ಸಿರಿಂಜುಗಳನ್ನು ಎಣಿಸಿ ಬರೆದುಕೊಂಡು ಹೋದರು. ಸುಮಾ ಅವರಿಗೆ ಮಜ್ಜಿಗೆ ಕೊಟ್ಟು ಲೋಟ ತೊಳೆದಿಟ್ಟಳು. ಇದೆಲ್ಲ ಅವಳಿಗೆ ಎಷ್ಟೋ ವರ್ಷದಿಂದ ನೋಡಿ ಹಳತಾದದ್ದು.

ಆಮೇಲೆ ಶುರುವಾಯಿತು ನೋಡಿ ಫಜೀತಿ. ಬೆಳಗ್ಗೆ ಬಂದು ಕೂತರೆ ಗಿಡದ ಒಂದು ಕೊಂಬೆ ಪೂರಾ ಹಳದಿ. "ನಿಮಗೆ ಎಣಿಕೆಯಲ್ಲಿ ತೊಂದರೆ ಇದೆ. ಬೇಜಾರಾಗಬೇಡಿ. ಮತ್ತೆ ಮೊದಲಿನಿಂದ ನೋಡೋಣ" ಎನ್ನುತ್ತಿತ್ತು ದನಿ. ಮೂರು ಕುರಿ ತೋರಿಸಿ ಎಷ್ಟು ಎಂದು ಕೇಳುತ್ತಿತ್ತು, ಅಂಗನವಾಡಿ ಮಗುವನ್ನು ಕೇಳಿದ ಹಾಗೆ. ಸುಮಾ ಹಲ್ಲು ಕಚ್ಚಿ ಸರಿ ಮಾಡಿ ಮುಂದಕ್ಕೆ ಹೋದರೆ, ಇದ್ದಕ್ಕಿದ್ದ ಹಾಗೆ ಅವಳು ಕಂಡು ಕೇಳರಿಯದ ಪಾಠ ಎದುರಿಗೆ. ಕಪ್ಪು ಕುರಿಯಾದರೆ ಎಡಕ್ಕೆ, ಬಿಳಿಯದಾದರೆ ಬಲಕ್ಕೆ, ಕುಂಟುವುದಾದರೆ ಎರಡೂ ಕಡೆಗಲ್ಲ. "ಇದು ನಿಮಗೆ ಈಗಾಗಲೇ ತಿಳಿದಿದೆ" ಎಂದು ಬೇರೆ ಹೇಳುತ್ತಿತ್ತು. ಯಾವಾಗ ತಿಳಿಯಿತು? ಕಲಿತದ್ದೂ ನೆನಪಿಲ್ಲ, ಎಣಿಸಲೂ ಬರುವುದಿಲ್ಲ. ತಲೆಗೇನಾದರೂ ಆಯಿತೇ ಎಂದು ಸುಮಾಳಿಗೆ ನಿಜವಾಗಿ ಭಯವಾಯಿತು.

ಭಯ ಸಾರಿಗೆ ಇಳಿಯಿತು. ಎರಡು ಸಲ ಉಪ್ಪು ಬಿತ್ತು. ಬಸ್ ಸ್ಟ್ಯಾಂಡಿನ ಹತ್ತಿರ ಹಿಟ್ಟಿನ ಗಿರಣಿ ನಡೆಸುವ ಗಂಡ ಪ್ರಭುಲಿಂಗ, ಹುಬ್ಬಿನ ಮೇಲಿನ ಹಿಟ್ಟು ಕೂಡ ತೊಳೆಯದೆ ರಾತ್ರಿ ಊಟಕ್ಕೆ ಕೂತವನು, ಒಂದು ತುತ್ತಿಗೇ ಮುಖ ಎತ್ತಿದ.

"ಇದೇನು, ಕುರಿಗೆ ನೆಕ್ಕಿಸೋ ಉಪ್ಪೆಲ್ಲ ಇದಕ್ಕೇ ಹಾಕಿದ್ಯಾ?"

"ಬೇಕಾದ್ರೆ ಉಣ್ರಿ, ಬ್ಯಾಡಾದ್ರೆ ಬಿಡ್ರಿ."

"ನಾನೇನಂದೆ ಈಗ? ಆ ಪೆಟ್ಟಿಗೆ ಬಂದಾಗಿಂದ ಮನೇಲಿ ಒಂದು ಮಾತಾಡಂಗಿಲ್ಲ. ಆಗಲ್ಲ ಅಂದ್ರೆ ವಾಪಸ್ ಕೊಟ್ಬಿಡು. ಗಿರಣೀಲಿ ನಂಗೂ ಒಂದು ಕೈ ಬೇಕು."

"ಬೆಣ್ಣೆ ಹಚ್ಚಿದ ರೊಟ್ಟಿ ತಿನ್ನು ಅಂದಂಗೆ ಹೇಳ್ತೀರಲ್ಲ. ಕೆಲಸ ಬಿಡೋದು ನಿಮ್ಮ ಕಣ್ಣಿಗೆ ಅಷ್ಟು ಹಗುರಾನಾ?"

"ಹಗುರ ಅಂತ ಯಾರಂದ್ರು? ನೀನು ಅಳೋದು ನೋಡಕ್ಕಾಗಲ್ಲ ನಂಗೆ, ಅಷ್ಟೇ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವಳನ್ನು ಹೆಚ್ಚು ನೋಯಿಸಿತು. ಗೋವಿಂದಪ್ಪ ತಟ್ಟೆಗೆ ಮಜ್ಜಿಗೆ ಸುರಿದುಕೊಂಡು ಸಾರನ್ನು ಪಕ್ಕಕ್ಕೆ ಸರಿಸಿದ. ಬರಗೇರಮ್ಮ ಮಾತ್ರ ಆ ದಿನ ಏನೂ ಅನ್ನಲಿಲ್ಲ. ಮಾತಿಗೆ ಮಾತು ಸೇರಿಸುವ ಮುದುಕಿ ತಲೆ ತಗ್ಗಿಸಿ ಉಂಡು ಎದ್ದದ್ದು ಯಾರ ಗಮನಕ್ಕೂ ಬರಲಿಲ್ಲ. ಮಾರನೆಯ ದಿನವೇ ಲ್ಯಾಪ್‌ಟಾಪು ವಾಪಸು ಕೊಡುವುದೆಂದು ಸುಮಾ ತೀರ್ಮಾನಿಸಿದಳು. ಬೆಳಗ್ಗೆ ಎದ್ದು ಓಬಳೇಶಪ್ಪನವರಿಗೆ ಫೋನೂ ಮಾಡಿದಳು. "ಸಂಜೆ ಸ್ಕೂಲಲ್ಲೇ ಇರ್ತೀನಿ, ಬರ್ರಿ ಮೇಡಂ" ಎಂದರು ಅವರು.

ಮಧ್ಯಾಹ್ನ ಎಂದಿನಂತೆ ಗಂಡನಿಗೆ ಬುತ್ತಿ ತೆಗೆದುಕೊಂಡು ಗಿರಣಿಗೆ ಹೋದಳು. ದಿನವೂ ಅವನು ಉಣ್ಣುವಷ್ಟು ಹೊತ್ತು ಅವಳು ಗಿರಣಿ ನೋಡಿಕೊಳ್ಳುತ್ತಿದ್ದಳು. ಅವತ್ತು ಕರೆಂಟಿರಲಿಲ್ಲ. ಜನರೆಲ್ಲ ಹಿಟ್ಟಿನ ಡಬ್ಬ ಅಲ್ಲೇ ಇಟ್ಟು ಮನೆಗೆ ಹೋಗಿದ್ದರು. "ನೀನೂ ಹೋಗು, ಬಿಸಿಲಾಗೆ ಯಾಕೆ ಕುಂತ್ಕಂತೀಯ" ಎಂದ ಪ್ರಭುಲಿಂಗ. ಹಾಗಾಗಿ ಬೇಗ ಮನೆಗೆ ಬಂದಳು.

ಹೊಸಿಲ ಹತ್ತಿರ ಚಪ್ಪಲಿ ಬಿಡುವಾಗ ಒಳಗಿನಿಂದ ಆ ನಯದ ದನಿ ಕೇಳಿತು. "ಈಗ ರೊಪ್ಪದೊಳಗೆ ಎಷ್ಟು ಕುರಿಗಳಿವೆ?"

"ಎಷ್ಟಿದ್ರೆ ನಿಂಗ್ಯಾಕೆ ತಾಯಿ?" ಎಂದಿತು ಇನ್ನೊಂದು ದನಿ.

ಸುಮಾ ಇಣುಕಿದಳು. ಬರಗೇರಮ್ಮ ಲ್ಯಾಪ್‌ಟಾಪಿನ ಮುಂದೆ ನೋವಿನ ಕಾಲು ಚಾಚಿ ಕೂತಿದ್ದಾಳೆ. ಬ್ಯಾಟರಿಯ ಮೇಲೆ ನಡೆಯುತ್ತಿದ್ದ ಪರದೆಯಲ್ಲಿ ಏಳು ಕುರಿ ರೊಪ್ಪದೊಳಗೆ ಸುಖವಾಗಿ ನಿಂತಿವೆ. ಅತ್ತೆ ಅತ್ತಿತ್ತ ನೋಡಿ, ಆರು ಒತ್ತಿದಳು.

"ನಿಮಗೆ ಎಣಿಕೆಯಲ್ಲಿ ತೊಂದರೆ ಇದೆ. ಬೇಜಾರಾಗಬೇಡಿ..."

ಸುಮಾ ಹೊಸಿಲು ದಾಟಿ ಒಳಗೆ ಬಂದಳು. ಬರಗೇರಮ್ಮ ಬೆಚ್ಚಿ ತಿರುಗಿದಳು.

"ಅತ್ತೆ, ಏಳಿದಾವೆ. ಆರು ಅಂತ ಯಾಕೆ ಒತ್ತಿದ್ರಿ?"

"ಏಳಿರೋದು ನಂಗೆ ಕಾಣಲ್ವೇನಮ್ಮ? ಇದ್ದಷ್ಟೂ ಹೇಳ್ಬಿಟ್ರೆ ಉಳೀತಾವಾ? ಯಾರೋ ಏನೋ, ಊರು ಗೊತ್ತಿಲ್ಲ, ಹೆಸರು ಗೊತ್ತಿಲ್ಲ, ದಿನಾ ಎಷ್ಟು ಕುರಿ ಎಷ್ಟು ಕುರಿ ಅಂತ ಕೇಳ್ತಾಳೆ ಇವ್ಳು. ಒಂದು ಕಡಿಮೆ ಹೇಳ್ತೀನಿ, ಸುಮ್ನಾಗ್ಲಿ ಅಂತ."

"ದಿನಾ? ಎಷ್ಟು ದಿನದಿಂದ ಇದು?"

"ನೀನು ಬುತ್ತಿ ತಗಂಡು ಹೋದಾಗೆಲ್ಲ ಒಂದೀಟು. ನೀನು ಊಟ ಬಿಟ್ಟು ಕುಂತಿರ್ತೀಯಲ್ಲ, ಅದೇನಂಥ ಸೊಗಸು ಅಂತ ನೋಡಾಣ ಅಂತ ಕುಂತೆ. ಆಮೇಲೆ ಬಿಡಕ್ಕಾಗ್ಲಿಲ್ಲ." ಮುದುಕಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ತಪ್ಪಿದ್ರೆ ಬೇಜಾರಾಗಬೇಡಿ, ಇನ್ನೊಂದ್ಸಲ ಮಾಡಾಣ ಅಂತಾಳೆ. ಈ ಮನೇಲಿ ನಂಗೆ ಯಾರು ಹಂಗಂತಾರೆ?"

ಸುಮಾ ಪರದೆಯ ಕಡೆ ನೋಡಿದಳು. ಕುರಿಗಳು ನೆಟ್ಟಗೆ ಒಳಗೆ ಸೇರಿದ್ದವು, ಗೇಟೂ ಮುಚ್ಚಿತ್ತು. ಹಲಗೆ ಜೋಡಿಸುವುದರಲ್ಲಿ ಅತ್ತೆಯ ತಪ್ಪಿರಲಿಲ್ಲ. ಆದರೆ ಪಾಠ ಹೇಳುವವಳಿಗೆ ಎದುರು ಕೂತವರು ಯಾರೆಂದು ಹೇಗೆ ಗೊತ್ತಾಗಬೇಕು? ಅದರ ಲೆಕ್ಕಕ್ಕೆ ಕೂತವರೆಲ್ಲ ಸುಮಾ. ಎಣಿಸಲು ಬಾರದವಳು ಸುಮಾ.

"ಹಂಗಾದ್ರೆ ಆ ಕಪ್ಪು ಕುರಿ, ಬಿಳಿ ಕುರಿ ಪಾಠಾನೂ ನೀವೇ ಮಾಡಿದ್ರಾ?"

"ಅದು ನಾನಲ್ಲಮ್ಮ. ನನ್ನಾಣೆ."

ಬಾಗಿಲ ಸಂದಿಯಲ್ಲಿ ನಿಂತಿದ್ದ ನಾಗಶ್ರೀ ಆಗ ಮೆಲ್ಲಗೆ ಮುಂದೆ ಬಂದಳು.

"ಅದು ನಾನಮ್ಮ. ಸಂಜೆ ನೀನು ಅಡಿಗೆ ಮಾಡುವಾಗ."

"ಯಾಕೇ?"

"ನಿನ್ನ ಗಿಡ ದಿನಾ ಹಳದಿ ಆಗ್ತಿತ್ತು. ನೀನು ಬಚ್ಚಲಿಗೆ ಹೋಗಿ ಅಳ್ತಿದ್ದೆ. ಮುಂದಿನ ಪಾಠ ಮಾಡಿಟ್ರೆ ನಾಕೆಲೆ ಚಿಗುರ್ತಾವೆ, ಖುಷಿ ಆಗ್ತೀಯ ಅಂತ ಮಾಡಿದೆ." ಹುಡುಗಿ ಅಜ್ಜಿಯ ಹಿಂದೆ ಸರಿದಳು. "ಬೈಬೇಡಮ್ಮ."

ಬೈಯುವುದೆಲ್ಲಿ ಬಂತು? ಸುಮಾ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಮೊದಲು ನಗು ಬಂತು, ಆಮೇಲೆ ಅಳು, ಆಮೇಲೆ ಎರಡೂ ಒಟ್ಟಿಗೆ. ಅತ್ತೆ ಎಲೆ ಉದುರಿಸಿದ್ದು, ಮಗಳು ಚಿಗುರಿಸಿದ್ದು, ನಡುವೆ ಸಿಕ್ಕಿ ತಾನು ದಡ್ಡಿ ಎಂದುಕೊಂಡು ಒದ್ದಾಡಿದ್ದು. ತಲೆಗೇನೂ ಆಗಿರಲಿಲ್ಲ. ಎಣಿಸಲೂ ಬರುತ್ತಿತ್ತು. ಇಷ್ಟು ದಿನ ಎದೆಯ ಮೇಲೆ ಕೂತಿದ್ದ ಬೀಸುಕಲ್ಲನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗಾಯಿತು.

"ಇವ್ಳಿಗೇನಾತು?" ಎಂದು ಬರಗೇರಮ್ಮ ಗಾಬರಿಯಾಗಿ ಮೊಮ್ಮಗಳನ್ನು ಕೇಳಿದಳು. "ನೀರು ತಗಂಬಾರೇ."

ಸಂಜೆ ಲ್ಯಾಪ್‌ಟಾಪು ಶಾಲೆಗೆ ಹೋಗಲಿಲ್ಲ. ಕರೆಂಟು ಬಂದಮೇಲೆ ನಾಗಶ್ರೀ ಅದರಲ್ಲಿ ಮೂರು ಹೆಸರು ಮಾಡಿಕೊಟ್ಟಳು: ಸುಮಾ, ನಾಗಶ್ರೀ, ಬರಗೇರಮ್ಮ. ಒಬ್ಬೊಬ್ಬರಿಗೂ ಒಂದೊಂದು ಗಿಡ. ಒಬ್ಬರ ಗಿಡ ಇನ್ನೊಬ್ಬರು ಮುಟ್ಟುವಂತಿಲ್ಲ ಎಂದು ಊಟಕ್ಕೆ ಕೂತಾಗ ತೀರ್ಮಾನವಾಯಿತು. ಪ್ರಭುಲಿಂಗ ಕಥೆ ಕೇಳಿ, ಬಾಯಲ್ಲಿದ್ದ ಅನ್ನ ನೆತ್ತಿಗೇರಿ ಕೆಮ್ಮಿದ.

"ಅವ್ವ, ನೀನು ಗಣಿತದ ಟೀಚರ್ನ ಒಂದನೇ ಕ್ಲಾಸಿಗೆ ಇಳಿಸ್ಬಿಟ್ಟೆಯಲ್ಲ."

"ಉಣ್ಣೋ ಸುಮ್ನೆ. ಅವ್ಳಿಗೆ ನಾಳೆಯಿಂದ ಮಾಳ್ಗೆ ಕೆಲಸ ಹೇಳ್ಬ್ಯಾಡ್ರಿ ಯಾರೂ. ಶಾವ್ಗೆ ಒಣಗ್ಸೋಕೆ ನೀನು ಹತ್ತು."

"ನಾನಾ? ಗಿರಣಿ?"

"ಗಿರಣಿ ತೆಗಿಯಾಕೆ ಮುಂಚೆ ಹತ್ತು. ನಿಮ್ಮಪ್ಪ ಕೆಳಗ್ನಿಂದ ಕೊಡ್ತಾನೆ."

"ನಾನ್ಯಾವಾಗ ಒಪ್ಪಿದೆ?" ಎಂದ ಗೋವಿಂದಪ್ಪ. ಅವನನ್ನು ಯಾರೂ ಕೇಳಿರಲಿಲ್ಲ.

ಉಳಿದ ರಜದಲ್ಲಿ ಆ ಮನೆಯ ಶಾವಿಗೆ ಸ್ವಲ್ಪ ದಪ್ಪ, ಸ್ವಲ್ಪ ಮುರುಕು. ಆದರೆ ಸುಮಾಳ ಗಿಡ ತನ್ನ ಪಾಡಿಗೆ ತಾನು ಬೆಳೆಯಿತು. ತಪ್ಪಿದಾಗ ಹಳದಿಯಾಯಿತು, ಆದರೆ ಆ ಹಳದಿ ಅವಳದೇ. ಎಲ್ಲಿ ತಪ್ಪಿದೆ ಎಂದು ಅವಳಿಗೆ ತಿಳಿಯುತ್ತಿತ್ತು. ಸರಿಪಡಿಸಿದರೆ ಮಾರನೆಯ ದಿನವೂ ಹಸಿರಾಗೇ ಇರುತ್ತಿತ್ತು. ಕಪ್ಪು ಕುರಿ, ಬಿಳಿ ಕುರಿಯ ಪಾಠದಲ್ಲಿ ಸಿಕ್ಕಿಕೊಂಡಾಗ ನಾಗಶ್ರೀ ಪಕ್ಕದಲ್ಲಿ ಕೈ ಹಿಂದೆ ಕಟ್ಟಿ ಕೂತು, "ನಾನು ಹೇಳಲ್ಲ, ನೀನೇ ನೋಡು" ಎನ್ನುತ್ತಿದ್ದಳು. ಮಧ್ಯಾಹ್ನ ಬರಗೇರಮ್ಮನ ಸರದಿ. ಆಗ ಟಿವಿ ಕೂಡ ಯಾರೂ ಹಾಕುವಂತಿರಲಿಲ್ಲ.

ಶಾಲೆ ಶುರುವಾದ ವಾರ ಕಮಿಟಿಯವರ ಮುಂದೆ ಪಾಠ. ಹಿಂದಿನ ಬೆಂಚಿನಲ್ಲಿ ಓಬಳೇಶಪ್ಪನವರು, ಪಕ್ಕದಲ್ಲಿ ಕಮಿಟಿಯ ಇಬ್ಬರು. ಅದರಲ್ಲಿ ನಿಂಗಪ್ಪನವರಿಗೆ ಎಲ್ಲದರಲ್ಲೂ ಅನುಮಾನ. ಕಂಪ್ಯೂಟರು ಕಡಿಮೆ, ಮಕ್ಕಳು ಜಾಸ್ತಿ. ಒಂದೊಂದರ ಮುಂದೆ ಮೂರು ಮೂರು ತಲೆ. ಸುಮಾ ಮೊದಲು ಮಾಡಿದ ಕೆಲಸವೆಂದರೆ ಒಬ್ಬೊಬ್ಬರ ಹೆಸರೂ ಬೇರೆ ಬೇರೆ ಹಾಕಿಸಿದ್ದು.

"ಒಬ್ರು ಕುಂತಾಗ ಉಳಿದೋರ ಕೈ ಬೆನ್ನ ಹಿಂದೆ. ಗೊತ್ತಾದ್ರೂ ಒತ್ತಂಗಿಲ್ಲ" ಎಂದಳು.

"ಇಷ್ಟೊತ್ತು ಹೆಸರು ಬರೆಯೋದೇ ಆತಲ್ಲ" ಎಂದರು ನಿಂಗಪ್ಪನವರು, ಎಲ್ಲರಿಗೂ ಕೇಳುವಂತೆ. ಸುಮಾ ಬೋರ್ಡಿನ ಮೇಲೆ ರೊಪ್ಪ ಬರೆದಳು, ಗೇಟು ಬರೆದಳು, ಅಪ್ಪಣೆಗಳನ್ನು ಒಂದರ ಕೆಳಗೊಂದು ಬರೆದು ಮಕ್ಕಳ ಬಾಯಲ್ಲೇ ಹೇಳಿಸಿದಳು. ಮಕ್ಕಳು ಹಲಗೆ ಜೋಡಿಸಿದರು. ಕುರಿ ನಡೆದವು. ಕೋಣೆಯಲ್ಲಿ ಗುಸುಗುಸು ನಗು ಹಬ್ಬಿತು.

ಮುಂದಿನ ಸಾಲಿನ ಒಂದು ಹುಡುಗಿಯ ಪರದೆಯಲ್ಲಿ ಮಾತ್ರ ಎಲೆ ಹಳದಿಯಾಯಿತು. ಹೆಸರು ಕಾಟಮ್ಮ. ತುರುವನೂರು ಕಡೆಯಿಂದ ಬಂದು ಅಜ್ಜಿಯ ಮನೆಯಲ್ಲಿದ್ದು ಓದಲು ಈ ವರ್ಷವೇ ಸೇರಿದವಳು. ಕುರಿಗಳೆಲ್ಲ ಒಳಗಿವೆ, ಹಲಗೆಗಳೆಲ್ಲ ಸರಿಯಾಗಿವೆ. ಎಂಟಿದ್ದದ್ದಕ್ಕೆ ಏಳು ಒತ್ತಿದ್ದಾಳೆ. ಮತ್ತೆ ಕೇಳಿದರೆ ಮತ್ತೆ ಏಳು.

ನಿಂಗಪ್ಪನವರು ಬೆಂಚಿನಿಂದ ಎದ್ದು ಬಂದು ಬಗ್ಗಿ ನೋಡಿದರು. "ಎಂಟನೇ ಕ್ಲಾಸಿಗೆ ಬಂದೈತೆ, ಎಂಟು ಎಣಿಸಕ್ಕೆ ಬರಲ್ವ? ಇಂಥೋರಿಗೆ ಕಂಪ್ಯೂಟರ್ ಬೇರೆ ಕೇಡು."

ಹುಡುಗಿ ತಲೆ ತಗ್ಗಿಸಿದಳು. ಕಿವಿ ಕೆಂಪಾದವು. ಆ ಕೆಂಪು ಕಿವಿ ನೋಡಿ ಸುಮಾಳಿಗೆ ತನ್ನ ಬೆಳಗುಗಳು ನೆನಪಾದವು, ಬಚ್ಚಲಲ್ಲಿ ನಿಂತು ಅತ್ತದ್ದು ನೆನಪಾಯಿತು. ಕಮಿಟಿ, ಕೆಲಸ ಎಲ್ಲ ಮರೆತು ಅವಳು ಹುಡುಗಿಯ ಪಕ್ಕ ಮಂಡಿಯೂರಿ ಕೂತಳು.

"ನಿಮ್ಮನೇಲಿ ಕುರಿ ಅವೇನಮ್ಮ?"

"ಅವೆ ಮಿಸ್."

"ಎಷ್ಟವೆ?"

ಕಾಟಮ್ಮ ಅತ್ತಿತ್ತ ನೋಡಿದಳು. ಆಮೇಲೆ ಮೆಲ್ಲಗೆ, "ಒಂದಿಷ್ಟವೆ ಮಿಸ್" ಎಂದಳು.

ಸುಮಾಳಿಗೆ ನಗು ತಡೆಯಲಾಗಲಿಲ್ಲ. "ಸರಿಯಾಗೇ ಹೇಳ್ದೆ. ಆದ್ರೆ ಇವು ನಮ್ಮವಲ್ಲ, ನಿಮ್ಮವೂ ಅಲ್ಲ. ಚಿತ್ರದ ಕುರಿ. ಇವಕ್ಕೆ ದೃಷ್ಟಿ ತಾಗಲ್ಲ. ಈಗ ಹೇಳು, ಎಷ್ಟವೆ?"

ಹುಡುಗಿ ಅವಳ ಮುಖವನ್ನೇ ನೋಡಿದಳು. ಹೇಳಬಹುದೇ ಎಂದು ಕೇಳುವಂತಿತ್ತು ಆ ನೋಟ. ಸುಮಾ ತಲೆಯಾಡಿಸಿದಳು. ಕಾಟಮ್ಮ ಎಂಟು ಒತ್ತಿದಳು. ಗಿಡ ಹಸಿರಾಯಿತು.

ಹಿಂದಿನ ಬೆಂಚಿನಲ್ಲಿ ಓಬಳೇಶಪ್ಪನವರು ಗಟ್ಟಿಯಾಗಿ ನಕ್ಕರು. ಅವರ ಮನೆಯಲ್ಲೂ ಒಂದು ಕಾಲಕ್ಕೆ ಕುರಿಗಳಿದ್ದವು. ನಿಂಗಪ್ಪನವರು ಹೋಗಿ ಕೂತರು, ಸ್ವಲ್ಪ ಹೊತ್ತಾದ ಮೇಲೆ ತಾವೂ ನಕ್ಕರು. ಪಾಠ ಮುಗಿದಾಗ ಹೆಡ್‌ಮಾಸ್ಟರು ವರಾಂಡದಲ್ಲಿ ಅವಳನ್ನು ನಿಲ್ಲಿಸಿ, "ನಾಳೆಯಿಂದ ಟೈಂಟೇಬಲ್‌ನಾಗೆ ನಿಮ್ಮ ಹೆಸರು ಬರ್ತೈತೆ ಮೇಡಂ" ಎಂದರು. ಈ ಸಲ ಚಹಾ ತರಿಸಲಿಲ್ಲ.

ಸುಮಾ ಮನೆಗೆ ಹೇಗೆ ನಡೆದು ಬಂದಳೋ ಅವಳಿಗೇ ಗೊತ್ತಿಲ್ಲ. ದಾರಿಯಲ್ಲಿ ಗಿರಣಿಗೆ ಹೋಗಿ ಗಂಡನಿಗೆ ಹೇಳಿದಳು. ಅವನು ಮಿಷನ್ ನಿಲ್ಲಿಸಿ ಮತ್ತೊಮ್ಮೆ ಹೇಳಿಸಿಕೊಂಡ. ಮನೆಗೆ ಬಂದರೆ ಬರಗೇರಮ್ಮ ಲ್ಯಾಪ್‌ಟಾಪಿನ ಮುಂದಿದ್ದಳು. ಕೆಲಸ ಉಳಿಯಿತು ಎಂದದ್ದಕ್ಕೆ ಅತ್ತೆ ಸೊಸೆಯ ಕೆನ್ನೆ ಸವರಿ ನೆಟಿಗೆ ಮುರಿದಳು. ಕಾಟಮ್ಮನ ಕಥೆ ಹೇಳಿದಾಗ ಮಾತ್ರ ಕಣ್ಣರಳಿಸಿ ಕೂತಳು.

"ಯಾರ ಮಗಳಂತೆ ಅದು? ಚೆನ್ನಾಗಿ ಬೆಳೆಸವ್ರೆ."

"ಆದ್ರೆ ಎಂಟು ಅಂತ ಹೇಳ್ಸಿದೆ ಅತ್ತೆ ನಾನು."

"ಅದು ಸ್ಕೂಲು. ಅಲ್ಲಿ ಹೇಳ್ಬೇಕು." ಬರಗೇರಮ್ಮ ಪರದೆಯ ಕಡೆ ತಿರುಗಿದಳು. ಅವಳ ಗಿಡದ ಕೊಂಬೆಗಳೆಲ್ಲ ಹಸಿರು, ಎಣಿಕೆಯದೊಂದು ಮಾತ್ರ ಹಳದಿ. ಹಲಗೆಗಳನ್ನು ಜೋಡಿಸಿದಳು. ಕುರಿಗಳು ಒಂದೊಂದಾಗಿ ಒಳಗೆ ಹೋದವು, ಗೇಟು ಮುಚ್ಚಿತು. ದನಿ ಎಷ್ಟೆಂದು ಕೇಳಿತು. ಅವಳು ಒಂದು ಕಡಿಮೆ ಒತ್ತಿದಳು. ಸುಮಾ ಪಕ್ಕದಲ್ಲೇ ಕೂತಿದ್ದಳು. ಕೈ ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು.

"ಬೇಜಾರಾಗಬೇಡಿ. ಇನ್ನೊಮ್ಮೆ ಎಣಿಸೋಣ" ಎಂದಿತು ದನಿ.

"ನೀನು ಎಣಿಸ್ಕ ತಾಯಿ" ಎಂದಳು ಬರಗೇರಮ್ಮ. "ನಂದು ಎಣಿಸಿ ಆಗೈತೆ."